ದಾಟಿಸುವ ಗದಿಗೆವ್ವ

ಐರಣಿಯಲ್ಲಿ ಹರಗೋಲು ನಡೆಸುತ್ತಿದ್ದವನ ಮಗಳು ಗದಿಗೆವ್ವ. ತುಂಬಿದ ಹೊಳೆಗೂ ಹೆದರದವಳು ರಾಣೆಬೆನ್ನೂರಿಗೆ ಸೊಸೆಯಾಗಿ ಬಂದ ಮೇಲೆ ರಸ್ತೆಗೆ ಹೆದರಿದಳು. ಊರನ್ನು ನಟ್ಟನಡುವೆ ಸೀಳಿಕೊಂಡು ಹೆದ್ದಾರಿ ಹೋಗಿತ್ತು. ಮನೆ ಈ ಕಡೆ, ಗಂಡ ಮೈಲಾರೆಪ್ಪ ಹಮಾಲಿ ಮಾಡುತ್ತಿದ್ದ, ಕಾಳುಕಡಿ ದಲಾಲಿಯ ಅಡತಿ ಅಂಗಡಿ ಆ ಕಡೆ. ಮಧ್ಯಾಹ್ನ ಬುತ್ತಿ ಹಿಡಿದು ಬಂದರೆ ಲಾರಿಗಳ ಸಾಲು ಸರಿಯುವತನಕ ಅಂಚಿಗೆ ಕಾಯಬೇಕು.

ಹಾಗೆ ಕಾಯುತ್ತಿದ್ದ ಒಂದು ದಿನ ಆ ಕಡೆ ಮೈಲಾರೆಪ್ಪ ಕಾಣಿಸಿದ. ಕೈ ಎತ್ತಿ ಏನೋ ಕೂಗಿದ. ತುಟಿ ಅಲುಗಿದ್ದು ಕಂಡಿತು, ಮಾತು ಹಾರ್ನಿನಲ್ಲಿ ಮುಳುಗಿತು. ಅವನು ರಸ್ತೆಗಿಳಿದ. ನಡುವೆ ಲಾರಿಯೊಂದು ಹಾದುಹೋಯಿತು. ಅದು ಸರಿದಾಗ ಅವನು ಡಾಂಬರಿನ ಮೇಲೆ ಬಿದ್ದಿದ್ದ.

ಮಕ್ಕಳಿರಲಿಲ್ಲ. ತವರಿನವರು ಕರೆದರೂ ಗದಿಗೆವ್ವ ಹೋಗಲಿಲ್ಲ. ಅದೇ ರಸ್ತೆಯ ಅಂಚಿಗೆ ಕುದಿಸಿದ ಶೇಂಗಾ ಮಾರುತ್ತ ಕುಳಿತಳು. ಒಮ್ಮೆ ಶಾಲೆಯ ಹುಡುಗಿಯೊಬ್ಬಳು ದಾಟಲಾರದೆ ಅಳುತ್ತಿದ್ದಳು. ಗದಿಗೆವ್ವ ಅವಳ ಕೈ ಹಿಡಿದು, ಇನ್ನೊಂದು ಕೈಯೆತ್ತಿ ರಸ್ತೆಗೆ ಇಳಿದೇಬಿಟ್ಟಳು. ಲಾರಿ ನಿಂತಿತು. ಆಮೇಲೆ ಮುದುಕರು, ಬಸುರಿಯರು, ದವಾಖಾನೆಗೆ ಹೊರಟವರು, ಎಲ್ಲರೂ ಅವಳನ್ನೇ ಹುಡುಕಿಕೊಂಡು ಬರತೊಡಗಿದರು. ಎತ್ತಿದ ಆ ಕೈಯನ್ನು ಡ್ರೈವರುಗಳು ದೂರದಿಂದಲೇ ಗುರುತಿಸುತ್ತಿದ್ದರು. ಯಾರನ್ನು ದಾಟಿಸಿದರೂ ನಡುರಸ್ತೆಯ ಒಂದು ಜಾಗವನ್ನು ಮಾತ್ರ ಅವಳು ತುಳಿಯುತ್ತಿರಲಿಲ್ಲ, ಬಳಸಿಕೊಂಡು ಹೋಗುತ್ತಿದ್ದಳು.

ವರ್ಷಗಳು ಕಳೆದ ಮೇಲೆ ಲಾರಿಗಳೆಲ್ಲ ಊರ ಹೊರಗಿನ ಬೈಪಾಸಿಗೆ ಹೋದವು. ಒಳಗಿನ ಹೆದ್ದಾರಿಯನ್ನು ಜನ ಓಡಾಡುವ ಬೀದಿ ಮಾಡುವ ಕೆಲಸ ಶುರುವಾಯಿತು. ಡಿವೈಡರ್ ಒಡೆದರು, ಡಾಂಬರು ಅಗೆದರು. ಎರಡೂ ಬದಿಗೆ ಅಗಲವಾದ ಫುಟ್‌ಪಾತ್ ಬಂತು, ಸೈಕಲ್ಲಿಗೆ ಬೇರೆ ದಾರಿ, ಹೊಂಗೆಯ ಸಸಿ, ಕೂರಲು ಕಲ್ಲಿನ ಕಟ್ಟೆ. ಮೈಲಾರೆಪ್ಪ ಬಿದ್ದ ಜಾಗವೂ ಆ ಅಗೆತದಲ್ಲಿ ಹೋಯಿತು. ಎಲ್ಲಿ ತುಳಿಯಬಾರದು ಎಂಬುದೇ ಗದಿಗೆವ್ವನಿಗೆ ತಿಳಿಯದಾಯಿತು.

ಊರಿಗೆ ಬೀದಿ ಹಿಡಿಸಿತು. ಮಕ್ಕಳು ತಾವೇ ದಾಟಿದರು. ಅವಳೂ ಮೊದಮೊದಲು ಹಿಗ್ಗಿದಳು. ಆದರೆ ಗದ್ದಲ ಅಡಗಿದ್ದೇ ತಡ, ಆ ಕಡೆಯಿಂದ ಗಂಡನ ದನಿ ಕೇಳತೊಡಗಿತು. ನಡುಹಗಲು, ಜನರ ನಡುವೆಯೇ. ದನಿ ಅವನದೇ, ಮಾತು ಮಾತ್ರ ತಿಳಿಯದು. ಅವಳು ಶೇಂಗಾ ಮಾರುವುದನ್ನು ಬಿಟ್ಟಳು, ಊಟ ಮರೆತಳು.

ಬೀದಿಯ ಆ ಕಡೆಯ ಬಳೆ ಅಂಗಡಿಯ ದಿಲನಾಜ ಅವಳ ಹಳೆಯ ಗೆಳತಿ. ಒಂದು ದಿನ ಚಹಾ ಹಿಡಿದು ಬಂದು ಕಟ್ಟೆಯ ಮೇಲೆ ಅವಳ ಪಕ್ಕ ಕುಳಿತಳು. ಗದಿಗೆವ್ವ ಎಲ್ಲವನ್ನೂ ಹೇಳಿಕೊಂಡಳು.

“ಅವತ್ತ ನಾ ಅಂಗಡ್ಯಾಗ ಇದ್ನೆಲ್ಲ ಅಕ್ಕಾ, ನನಗ ಕೇಳಿಸಿತ್ತು,” ಎಂದಳು ದಿಲನಾಜ. “ನೀ ಯಾವತ್ತೂ ಕೇಳ್ಲಿಲ್ಲ, ನನಗೂ ಹೇಳಾಕ ಬಾಯಿ ಬರ್ಲಿಲ್ಲ.”

“ಏನಂದ್ರು?”

“‘ನೀ ಅಲ್ಲೇ ನಿಂದ್ರ, ನಾನೇ ಬರ್ತೇನಿ’ ಅಂದ್ರು.”

ಗದಿಗೆವ್ವ ಅಳಲಿಲ್ಲ. ಚಹಾ ಪೂರ್ತಿ ಕುಡಿದು ಲೋಟ ಕೊಟ್ಟಳು. ಅಂದಿನಿಂದ ದನಿ ನಿಂತಿತೆಂದು ಹೇಳುತ್ತಾಳೆ. ಆದರೆ ಅಂದಿನಿಂದ ಅವಳು ಬೀದಿ ದಾಟಿಲ್ಲ. ಕಾಯಿಪಲ್ಲೆಯನ್ನು ಯಾರಾದರೂ ಆ ಕಡೆಯಿಂದ ತಂದುಕೊಡುತ್ತಾರೆ.

ಮೊನ್ನೆ ದಿಲನಾಜಳ ಮೊಮ್ಮಗಳಿಗೆ ಹೆಸರಿಡುವ ದಿನ. ಕರೆದೊಯ್ಯಲು ಅವಳೇ ಬಂದಳು. ಗದಿಗೆವ್ವ ಹೊಸ ಸೀರೆ ಉಟ್ಟು ಫುಟ್‌ಪಾತಿನ ಅಂಚಿನವರೆಗೆ ನಡೆದಳು. ಬೀದಿ ಖಾಲಿಯಿತ್ತು. ದಿಲನಾಜ ಕೈ ಚಾಚಿದಳು. ಗದಿಗೆವ್ವ ಒಂದು ಕಾಲು ಕೆಳಗಿಟ್ಟು, ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

“ನೀ ನಡಿ, ತಂಗಿ,” ಎಂದಳು. “ನಾ ಹೊಂಟ್ರ, ಅವ್ರು ಬಂದು ನೋಡಿದಾಗ ಇಲ್ಲಿ ಯಾರೂ ಇರಂಗಿಲ್ಲ.”