ಹೆಸರಿನ ತುಂಡು ಹಿಡಿದು ಹುಡುಕುವ ಭೀಮಾಬಾಯಿ

ಬೆಳಗಿನ ಜಾವ, ಕರೆಂಟು ಹೋಗದೆ ಇರುವ ಹೊತ್ತು. ನಿಪ್ಪಾಣಿಯ ಬೀಡಿ ಕಾರ್ಮಿಕರ ಸಂಘದಲ್ಲಿ ಭೀಮಾಬಾಯಿ ಕಂಪ್ಯೂಟರ್ ಚಾಲೂ ಮಾಡುತ್ತಾಳೆ. ಎದುರಿಗೆ ತುಳಸವ್ವ. ಸೊಸೆ ಕಾಶಿಬಾಯಿ ಹೆರಿಗೆ ನೋವಿನಲ್ಲಿ ಎಚ್ಚರ ತಪ್ಪಿದ್ದಾಳೆ. ಅವಳ ಬೀಡಿ ಕಾರ್ಮಿಕರ ಕಾರ್ಡು ಕಳೆದಿದೆ. ನಂಬರ್ ಇಲ್ಲದೆ ದವಾಖಾನೆಯವರು ಮಂಚ ಕೊಡುವುದಿಲ್ಲ. ಮಗ ತಂಬಾಕಿನ ಲಾರಿ ಹತ್ತಿ ದೂರ ಹೋಗಿದ್ದಾನೆ, ಫೋನಿಗೂ ಸಿಗುತ್ತಿಲ್ಲ.

ಕಾಶಿಬಾಯಿ ಎಂದು ಹುಡುಕಿದರೆ ಏನೂ ಸಿಗದು. ಕಾರ್ಡು ಆಗಿದ್ದು ತವರಿನಲ್ಲಿ. ಮದುವೆಯ ದಿನ ಗಂಡನ ಮನೆಯವರು ಹೆಸರನ್ನೇ ಬದಲಿಸಿದರು.

"ಹಳೇ ಹೆಸರ ನಾವ್ಯಾರೂ ಕರೀಲೇ ಇಲ್ಲವ್ವ. ಅಪ್ಪ ಲಗಮಪ್ಪ, ಚಿಂಚಲಿಯಾಂವ. ಅಷ್ಟ ಗೊತ್ತ," ಎನ್ನುತ್ತಾಳೆ ತುಳಸವ್ವ.

ಇಂಥವರನ್ನು ಈ ಕಚೇರಿ ವರ್ಷಗಟ್ಟಲೆ ನಾಳೆ ಬರ್ರಿ ಎಂದು ಅಟ್ಟಿದೆ. ಹೆಸರಿನ ಮೊದಲ ಅಕ್ಷರಗಳು ಗೊತ್ತಿದ್ದರೆ ಕಂಪ್ಯೂಟರಿನ ಅಕ್ಷರಕ್ರಮದ ಸೂಚಿ ಥಟ್ಟನೆ ಅಲ್ಲಿಗೆ ಹೋಗುತ್ತದೆ. ಹೆಸರಿನ ಹಿಂದೆ ಬರುವ ಅಪ್ಪನ ಹೆಸರನ್ನೋ ನಡುವಿನ ತುಂಡನ್ನೋ ಕೊಟ್ಟರೆ ಸೂಚಿ ಕೆಲಸಕ್ಕೆ ಬಾರದು. ಯಂತ್ರ ಎಲ್ಲರ ಹೆಸರನ್ನೂ ಒಂದೊಂದಾಗಿ ಓದುತ್ತ ಕೂಡುತ್ತದೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಹೆಣ್ಣಿನ ಹೆಸರು ಕಿತ್ತುಕೊಳ್ಳುವವರು ಒಬ್ಬರು, ಪೂರ್ತಿ ಹೆಸರು ಹೇಳು ಎನ್ನುವವರು ಇನ್ನೊಬ್ಬರು; ಇದು ಎಂಥ ನ್ಯಾಯ?

ಭೀಮಾಬಾಯಿಯ ತಾಯಿ ಬೀಡಿ ಸುತ್ತಿ ಮಗಳನ್ನು ಚಿಕ್ಕೋಡಿಯ ಕಂಪ್ಯೂಟರ್ ಕ್ಲಾಸಿಗೆ ಕಳಿಸಿದಳು. ಅಲ್ಲಿ ಕಂಪ್ಯೂಟರಿನ ದಾಖಲೆ ಹುಡುಕುವ ಭಾಷೆ ಎಸ್‌ಕ್ಯೂಎಲ್ ಕಲಿತವಳು ಇಲ್ಲಿ ಪ್ರತಿ ಹೆಸರನ್ನೂ ಮೂರು ಮೂರು ಅಕ್ಷರಗಳಾಗಿ ಕತ್ತರಿಸಿದಳು: ಲಗಮ, ಗಮಪ್ಪ. ಆ ತುಂಡುಗಳಿಗೇ ಬೇರೆ ಕೋಷ್ಟಕ, ಅದಕ್ಕೊಂದು ಸೂಚಿ. ಪ್ರತಿ ತುಂಡಿನ ಮುಂದೆ ಅದು ಯಾವ ಕಾರ್ಡಿನದೆಂಬ ಗುರುತು. ಡಿಸ್ಕು ತುಂಬುತ್ತದೆ, ಹೊಸ ಹೆಸರು ಸೇರಿಸಲು ತಡವಾಗುತ್ತದೆ ಎಂದು ಕಾರ್ಯದರ್ಶಿ ರಾವಸಾಹೇಬರು ಗೊಣಗಿದ್ದರು. ಎರಡೂ ನಿಜವೆಂದು ಆಕೆ ಒಪ್ಪಿದಳು.

"ಸೇರ್ಸೂದ ಒಂದ ಸಲರಿ ಸಾಹೇಬ್ರ, ಹುಡುಕೂದ ದಿನಾ ಐತಿ. ಡಿಸ್ಕ್ ತುಂಬಿದ್ರ ಇನ್ನೊಂದ ತರ್ರಿ. ಬಾಳಂತಿ ಜೀವ ಹ್ವಾದ್ರ ಎಲ್ಲಿಂದ ತರ್ತೀರಿ?"

ಈಗ ತುಂಡುಗಳನ್ನು ಕೊಟ್ಟು, ಊರು ಚಿಂಚಲಿ ಎಂದು ಸೇರಿಸುತ್ತಾಳೆ. ತುಳಸವ್ವ ಸೆರಗಿನ ಚುಂಗು ಹಿಂಡುವಷ್ಟರಲ್ಲಿ ಪರದೆಯ ಮೇಲೆ ಒಂದೇ ಸಾಲು ಮೂಡುತ್ತದೆ: ಹೊಳೆವ್ವ ಲಗಮಪ್ಪ.

"ಹೌದವ್ವ, ಅಕೀನ. ಈಗ ನೆನಪಾತ. ಬೀಗತಿ ಹೊಳೆವ್ವಾ ಅಂತ ಕರೀತಿದ್ಲು."

ನಂಬರ್ ಬರೆದ ಚೀಟಿ ಹಿಡಿದು ತುಳಸವ್ವ ಓಡುತ್ತಾಳೆ. ಭೀಮಾಬಾಯಿ ಫೋನೆತ್ತಿ ದವಾಖಾನೆಗೆ ಅದೇ ನಂಬರ್ ಗಟ್ಟಿಯಾಗಿ ಹೇಳಿ, ಮಂಚ ಕೊಟ್ಟರೆಂದು ಖಾತ್ರಿಯಾದ ಮೇಲೆಯೇ ಕೆಳಗಿಡುತ್ತಾಳೆ.

ಹೊಗಳಿದರೆ ಆಕೆ ನಾಚುವವಳಲ್ಲ. "ಹೆಸರ ಬದಲ ಮಾಡಿದ್ರ ಹಕ್ಕ ಬದಲ ಆಗತೈತೇನ್ರಿ? ಬಂದಾಕಿ ಎಷ್ಟ ಹೇಳ್ತಾಳ ಅಷ್ಟ ಸಾಕ. ಉಳದದ್ದ ಹುಡುಕೂದ ನನ್ನ ಕೆಲಸ."