ಝಳಕವ್ವ ಬಾವಿಗೆ ಬಿದ್ದ ಮೇಲೆ

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಗಡಿಯಾರ ನೋಡುತ್ತಿದ್ದವನು. ಇಪ್ಪತ್ತೆಂಟು ವರ್ಷ ವಿಮಾ ಕಚೇರಿಯಲ್ಲಿ ಕೆಲಸ ಮಾಡಿದ್ದೇನೆ. ಜನ ಹೇಳಿದ್ದಕ್ಕೂ ನಿಜವಾಗಿ ನಡೆದದ್ದಕ್ಕೂ ಎಷ್ಟು ಅಂತರವಿದೆ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಸುಟ್ಟ ಗೋದಾಮು, ಮಗುಚಿದ ಲಾರಿ, ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರುತ್ತಿತ್ತು. ಸಿಗಲಿಲ್ಲವೆಂದರೆ ನಾವು ಸರಿಯಾಗಿ ಹುಡುಕಿಲ್ಲ ಎಂದಷ್ಟೇ ಅರ್ಥ. ಆದ್ದರಿಂದ ಈಗ ನಾನು ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ಕೂತಿದ್ದರೆ ನಾನೂ ನಂಬುತ್ತಿರಲಿಲ್ಲ.

ಗಂಗಕ್ಕ ನನ್ನ ಅಕ್ಕ, ನನಗಿಂತ ಏಳು ವರ್ಷ ದೊಡ್ಡವಳು. ಗದಗಿನಲ್ಲಿ ನಮ್ಮ ಓಣಿಯ ನಳಕ್ಕೆ ವಾರಕ್ಕೆರಡು ಸಲ ನೀರು ಬರುತ್ತಿತ್ತು. ಮಧ್ಯಾಹ್ನವೇ ಹೋಗಿ ಕೊಡ ಇಟ್ಟು ಪಾಳಿ ಕಾಯಬೇಕು. ಆ ಬಿಸಿಲಿನಲ್ಲಿ ನಾನು ಅಳಬಾರದೆಂದು ಅಕ್ಕ ಒಂದು ಕತೆ ಕಟ್ಟಿ ಹೇಳುತ್ತಿದ್ದಳು. ಕತೆಯಲ್ಲಿ ಒಬ್ಬ ಕಿರಿಯ ರಾಜಕುಮಾರ. ಅವನಿಗೆ ಹೆಸರಿರಲಿಲ್ಲ, ಅವನ ಕತ್ತಿಗೆ ಇತ್ತು. ಆ ಕತ್ತಿಯ ಹೆಸರು ಝಳಕವ್ವ. ಸೂರ್ಯನನ್ನು ಬಲೆಯಲ್ಲಿ ಕಟ್ಟಿಹಾಕಿದ್ದ ಜೇಡನ ನೂಲನ್ನು ಕತ್ತರಿಸಿದವಳು ಅವಳು. ರಾಕ್ಷಸನ ಗಡ್ಡದಲ್ಲಿ ಗುಬ್ಬಿಗಳು ಗೂಡು ಕಟ್ಟಿದ್ದಾಗ, ಒಂದು ಮೊಟ್ಟೆಯೂ ಒಡೆಯದಂತೆ, ರಾಕ್ಷಸನಿಗೂ ಎಚ್ಚರವಾಗದಂತೆ ಗಡ್ಡ ಬೋಳಿಸಿದವಳು. ಗಬ್ಬದ ಆಕಳು ದಾಟಲೆಂದು ಹೊಳೆಯನ್ನು ರೊಟ್ಟಿಯಂತೆ ಎರಡು ಹೋಳು ಮಾಡಿದವಳು. ಆದರೆ ಹೆದರಿ ನಡುಗುವವರನ್ನು ಮಾತ್ರ ಝಳಕವ್ವ ಕಡಿಯುತ್ತಿರಲಿಲ್ಲ. ರಾಜಕುಮಾರ ಎಷ್ಟು ಬೀಸಿದರೂ ಗಾಳಿಯಲ್ಲೇ ನಿಂತುಬಿಡುತ್ತಿದ್ದಳು. ಅವಳ ಅಲಗಿನಲ್ಲಿ ಹುಣಸೆಬೀಜದಷ್ಟು ಒಂದು ಮುಕ್ಕಿತ್ತು. ಅದು ನಮ್ಮವ್ವನ ಈಳಿಗೆಯ ಮುಕ್ಕು ಎಂದು ನನಗೆ ಆಗಲೇ ಗೊತ್ತಿತ್ತು.

ಒಂದು ದಿನ ಅಕ್ಕ, "ಝಳಕವ್ವ ಬಾವ್ಯಾಗ ಬಿದ್ಲು. ಮುಂದಿಂದು ನಾಳಿಗೆ" ಎಂದಳು. ಮರುದಿನ ಅವಳನ್ನು ನೋಡಲು ಬಾಗಲಕೋಟೆಯಿಂದ ಗಂಡಿನ ಕಡೆಯವರು ಬಂದರು. ಅವಳಿಗಾಗ ಹದಿನಾರು. ತಿಂಗಳೊಳಗೆ ಮದುವೆಯಾಯಿತು. ಆಮೇಲೆ ನಾನು ಎಷ್ಟು ಸಲ ಕೇಳಿದರೂ "ಮರತೇನಪ್ಪ" ಎಂದು ನಕ್ಕು ಒಳಗೆ ಹೋಗುತ್ತಿದ್ದಳು. ಕೆಲವು ವರ್ಷಕ್ಕೆ ನಾನೂ ಕೇಳುವುದನ್ನು ಬಿಟ್ಟೆ.

ಮೂವತ್ತಕ್ಕೆ ಗಂಡನನ್ನು ಕಳೆದುಕೊಂಡ ಗಂಗಕ್ಕ ಮುಂದೆ ನನ್ನ ಮನೆಗೇ ಬಂದಳು. ವರ್ಗವಾದಲ್ಲೆಲ್ಲ ನಮ್ಮೊಂದಿಗೆ ತಿರುಗಿದಳು. ಕೊನೆಗೆ ವಡೋದರಾಕ್ಕೆ ಬಂದು, ಫತೇಗಂಜಿನ ಹಾಸ್ಟೆಲುಗಳ ಹಿಂದಿನ ಒಂದು ಫ್ಲಾಟಿನಲ್ಲಿ ನಿಂತೆವು. ನನ್ನ ಮಗಳನ್ನು ಬೆಳೆಸಿದವಳು ಅವಳೇ. ಆದರೆ ಮಗಳಿಗೆ ಒಂದೂ ಕತೆ ಹೇಳಿದ್ದಿಲ್ಲ. ಹದಿನಾಲ್ಕು ವರ್ಷ ಅಲ್ಲಿದ್ದರೂ ಅಕ್ಕ ಕಲಿತ ಗುಜರಾತಿ ತರಕಾರಿ ಕೊಳ್ಳುವಷ್ಟೇ.

ನಾನು ನಿವೃತ್ತನಾಗಲು ಎರಡು ವರ್ಷವಿದ್ದಾಗ ಗಂಗಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಅಹಮದಾಬಾದಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಹೆಂಗಸರ ವಾರ್ಡಿನಲ್ಲಿ ಇಪ್ಪತ್ತೆರಡು ದಿನ ಇದ್ದಳು. ನನ್ನ ಹೆಂಡತಿ ಸುಜಾತಾ ಜೊತೆಗಿದ್ದಳು, ನಾನು ಎರಡು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ವಾರ್ಡಿನಿಂದ ರೋಗಿಗಳ ಕಡೆಯವರನ್ನೆಲ್ಲ ಹೊರಗೆ ಕಳಿಸುತ್ತಿದ್ದರು. ಸುಜಾತಾ ಕೆಳಗೆ ಬೇವಿನ ಮರದಡಿಯ ಬೆಂಚಿನ ಮೇಲೆ ಕೂತು ತೂಕಡಿಸುತ್ತಿದ್ದಳು. ಮಿದುಳಿನಲ್ಲಿ ಮಾತಿನ ಜಾಗವೇ ಹಾಳಾಗಿದೆ, ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದರು. ನಾವು ಮನೆಗೆ ಕರೆದುಕೊಂಡು ಬಂದೆವು.

ಅದರ ನಂತರದ ಒಂದು ವರ್ಷದ ಬಗ್ಗೆ ಹೆಚ್ಚು ಹೇಳಲಾರೆ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ನಿಮಗೆ ಗೊತ್ತಿರುತ್ತದೆ, ಇಲ್ಲದಿದ್ದರೆ ಹೇಳಿ ಪ್ರಯೋಜನವಿಲ್ಲ. ಎತ್ತಿ ಕೂರಿಸುವುದು, ಮೈ ಒರೆಸುವುದು, ಚಮಚದಿಂದ ಗಂಜಿ ಕುಡಿಸುವುದು. ಎರಡು ಚಮಚ ನೀರು ಒಟ್ಟಿಗೆ ಹೋದರೆ ನೆತ್ತಿಗೇರಿ ಕೆಮ್ಮುತ್ತಿದ್ದಳು. ನೋಡಿಕೊಳ್ಳಲು ಬಂದ ಹೆಂಗಸರು ಯಾರೂ ತಿಂಗಳು ದಾಟಲಿಲ್ಲ. ಸುಜಾತಾಳ ಬೆನ್ನು ಹೋಯಿತು, ನನ್ನ ಮೊಣಕಾಲು ಹೋಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವುದನ್ನೇ ಬಿಟ್ಟಿದ್ದೆವು. ಹುಬ್ಬಳ್ಳಿಯಲ್ಲಿ ಇಂಥವರನ್ನು ಇಟ್ಟುಕೊಳ್ಳುವ ಒಂದು ಆಶ್ರಮವಿದೆ ಎಂದು ಯಾರೋ ಹೇಳಿದರು. ಅರ್ಜಿ ತರಿಸಿ ತುಂಬಿಸಿದೆ. ಸಹಿಯೊಂದು ಬಾಕಿಯಿತ್ತು.

ಆ ವಾರವೇ ನಾನು ಸೂರತ್ತಿಗೆ ಹೋಗಬೇಕಾಗಿ ಬಂತು. ಆಸ್ಪತ್ರೆಯಿಂದ ಬರುವಾಗ ನಮ್ಮ ಚೀಲದಲ್ಲಿ ಪಕ್ಕದ ಹಾಸಿಗೆಯವರ ಸ್ಟೀಲ್ ಡಬ್ಬಿಯೊಂದು ಸೇರಿಕೊಂಡಿತ್ತು. ಮುಚ್ಚಳದ ಮೇಲೆ ಜಶೀಬೆನ್ ಎಂದು ಗುಜರಾತಿಯಲ್ಲಿ ಕೊರೆಸಿತ್ತು. ಆಕೆ ಸೂರತ್ತಿನವರು, ಅಹಮದಾಬಾದಿನ ಮಗಳ ಮನೆಯಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದರು. ಆ ಮಗಳ ನಂಬರು ಸುಜಾತಾಳ ಹತ್ತಿರ ಇತ್ತು.

"ರೀ, ಆ ಡಬ್ಬಿ ಇನ್ನೂ ಇಲ್ಲೇ ಅದ. ಮಂದಿ ಸಾಮಾನು ಎಷ್ಟ್ ದಿನ ಇಟ್ಕೊಂಡು ಕೂಡೋದು? ಕೊಟ್ಟು ಬರ್ರಿ" ಎಂದಳು.

ಆ ಮಗಳಿಂದ ವಿಳಾಸ ಕೇಳಿಕೊಂಡು, ಕಚೇರಿ ಕೆಲಸ ಮುಗಿಸಿ ಮಧ್ಯಾಹ್ನ ಎರಡರ ಸುಮಾರಿಗೆ ಆಕೆಯಿದ್ದ ವರಾಛಾ ಬಡಾವಣೆಗೆ ಹೋದೆ. ಕಟ್ಟಡದ ಕೆಳಗಿನ ಎರಡೂ ಮಹಡಿಗಳಲ್ಲಿ ವಜ್ರ ಉಜ್ಜುವ ಚಕ್ರಗಳು ತಿರುಗುತ್ತಿದ್ದವು. ಮೂರನೆಯ ಮಹಡಿಗೆ ಮೊಣಕಾಲು ಹಿಡಿದುಕೊಂಡು ಹತ್ತಿದೆ. ಬಾಗಿಲು ತೆರೆದೇ ಇತ್ತು. ಎಪ್ಪತ್ತು ದಾಟಿದ ಹೆಂಗಸು ಕಬ್ಬಿಣದ ವಾಕರ್ ಪಕ್ಕಕ್ಕಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಆರೇಳು ವರ್ಷದ ಮೊಮ್ಮಗಳು ಫ್ರಾಕಿನ ಸೊಂಟಪಟ್ಟಿಗೆ ಪ್ಲಾಸ್ಟಿಕ್ ಸ್ಕೇಲೊಂದನ್ನು ಸಿಕ್ಕಿಸಿಕೊಂಡು ಅತ್ತಿತ್ತ ಓಡಾಡುತ್ತಿದ್ದಳು.

"ಗಂಗಾಬೆನ್ ಅವರ ಭಾಈ ಅಲ್ಲವೇ? ಆವೋ, ಬೇಸೋ" ಎಂದು ಜಶೀಬೆನ್ ಚಾಪೆ ತೋರಿಸಿದರು. ನನ್ನ ಗುಜರಾತಿ ಕಚೇರಿಗೆ ಸಾಕಾಗುವಷ್ಟಿದೆ. ಮುಂದಿನ ಮಾತೆಲ್ಲ ಗುಜರಾತಿಯಲ್ಲೇ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹೇಗಿದ್ದಾರೆ? ಈಗಲೂ ಕತೆ ಹೇಳುತ್ತಾರೋ?"

ಬೇರೆ ಯಾರನ್ನೋ ನೆನೆಸಿಕೊಂಡಿದ್ದಾರೆ ಎಂದುಕೊಂಡೆ. "ಅವಳಿಗೆ ಮಾತಿಲ್ಲ, ಜಶೀಬೆನ್. ಲಕ್ವಾ ಆದಾಗಲೇ ಹೋಯಿತು" ಎಂದೆ.

"ನಿಮ್ಮ ಮುಂದೆ ಆಡದಿರಬಹುದು" ಎಂದು ಅವರು ಸಮಾಧಾನವಾಗಿಯೇ ಹೇಳಿದರು. "ನನಗಂತೂ ದಿನಾ ಮಧ್ಯಾಹ್ನ ಹೇಳುತ್ತಿದ್ದರು. ಇಲ್ಲದಿದ್ದರೆ ಆ ನೋವಿನಲ್ಲಿ ನನಗೆ ಹೊತ್ತು ಹೋಗುತ್ತಿರಲಿಲ್ಲ."

ಅಷ್ಟರಲ್ಲಿ ಮೊಮ್ಮಗಳು ಸ್ಕೇಲನ್ನು ಹಿರಿದು ನನ್ನೆದುರು ಹಿಡಿದು, "ಇದು ಝಳಕ್‌ಬಾ" ಎಂದಳು. ಸ್ಕೇಲಿನ ಅಂಚಿನಲ್ಲಿ ಒಂದು ಮುಕ್ಕು. "ಬ್ಲೇಡಿನಿಂದ ನಾನೇ ಮಾಡಿಕೊಟ್ಟೆ" ಎಂದರು ಜಶೀಬೆನ್. "ಹುಣಸೆಬೀಜದಷ್ಟು ಇರಲೇಬೇಕೆಂದು ಹಟ ಮಾಡಿದಳು."

ನಾನು ಸ್ಕೇಲನ್ನು ತೆಗೆದುಕೊಂಡು ಮುಕ್ಕನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಆದರೂ ಕಚೇರಿಯ ಬುದ್ಧಿ ಎಲ್ಲಿ ಹೋಗುತ್ತದೆ? ಝಳಕ ಎಂದರೆ ಗುಜರಾತಿಯಲ್ಲೂ ಹೊಳಪು, ಬಾ ಎಂದರೆ ಅವ್ವ. ಇಲ್ಲೂ ಇಂಥದೊಂದು ಕತೆ ಇರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ. ಕತೆ ಹೇಳಿ ಎಂದು ಕೇಳಿದೆ. ಅವರು ಕಾಳು ಸುಲಿಯುತ್ತಲೇ ಹೇಳಿದರು. ಜೇಡ ಬಂತು, ಗಡ್ಡದಲ್ಲಿ ಗುಬ್ಬಿಗಳು ಬಂದವು, ಗಬ್ಬದ ಆಕಳು ಬಂತು. ನಡುಗುವವರನ್ನು ಕಡಿಯದೆ ಕತ್ತಿ ಗಾಳಿಯಲ್ಲಿ ನಿಂತಿತು. ಕತ್ತಿ ಬಾವಿಗೆ ಬಿತ್ತು. ಅಲ್ಲಿ ಅವರು ನಿಲ್ಲಿಸಲಿಲ್ಲ.

ರಾಜಕುಮಾರ ಮೂರು ದಿನ ಬಾವಿಯ ಕಟ್ಟೆಯ ಮೇಲೆ ಕೂತನಂತೆ. ಮೊದಲ ದಿನ ಬಾವಿ ಕೇಳಿತು: ಯಾರ ಮೇಲೆ ಯುದ್ಧ? ಯಾರ ಮೇಲೂ ಇಲ್ಲ, ಯುದ್ಧವೆಲ್ಲ ಮುಗಿಯಿತು ಎಂದ. ಎರಡನೆಯ ದಿನ ಕೇಳಿತು: ನಿನ್ನ ಅರಮನೆಯಲ್ಲಿ ಬೇರೆ ಕತ್ತಿಗಳಿಲ್ಲವೇ? ಬೇಕಾದಷ್ಟಿವೆ ಎಂದ. ಮೂರನೆಯ ದಿನ ಕೇಳಿತು: ಹಾಗಾದರೆ ತುಕ್ಕು ಹಿಡಿದ ಇದನ್ನು ಒಯ್ದು ಏನು ಮಾಡುತ್ತೀ? ಏನೂ ಮಾಡುವುದಿಲ್ಲ, ಮನೆಯಲ್ಲಿರಲಿ ಎಂದ. ನೀರು ಕಟ್ಟೆಯವರೆಗೆ ಏರಿಬಂದು ಝಳಕ್‌ಬಾಳನ್ನು ಅವನ ಪಾದದ ಹತ್ತಿರ ಇಟ್ಟು ಇಳಿಯಿತು.

"ಅಕ್ಕ ಇದನ್ನು ಯಾವ ಭಾಷೆಯಲ್ಲಿ ಹೇಳಿದಳು?" ಎಂದು ಕೇಳಿದೆ.

ಜಶೀಬೆನ್ ಮೊದಲ ಸಲ ಕೈ ನಿಲ್ಲಿಸಿದರು. "ಗುಜರಾತಿಯಲ್ಲೇ ಇರಬೇಕು. ನನಗೆ ಬೇರೆ ಯಾವುದು ಬರುತ್ತದೆ? ಅದನ್ನು ನಾನು ಯೋಚಿಸಿಯೇ ಇಲ್ಲ, ಭಾಈ."

ವಡೋದರಾಕ್ಕೆ ಮರಳುವ ರೈಲಿನಲ್ಲಿ ಕೂರಲು ಜಾಗ ಸಿಗಲಿಲ್ಲ. ನರ್ಮದೆಯ ಸೇತುವೆ ದಾಟಿ ಭರೂಚ್ ಬರುವವರೆಗೂ ಬಾಗಿಲ ಹತ್ತಿರ ನಿಂತು ಕಾರಣ ಹುಡುಕಿದೆ. ಸುಜಾತಾಳಿಗೆ ನಾನೇ ಎಂದಾದರೂ ಈ ಕತೆ ಹೇಳಿದ್ದೆನೇ, ಅವಳು ಆಕೆಗೆ ಹೇಳಿದಳೇ? ಮನೆ ಮುಟ್ಟಿದ ಕೂಡಲೇ ಕೇಳಿದೆ. "ಯಾವ ಕತಿ? ನೀವು ನನಗ ಯಾವಾಗ ಕತಿ ಹೇಳೀರಿ?" ಎಂದಳು. ಅಷ್ಟಕ್ಕೂ ಬಾವಿಯ ಮುಂದಿನದು ನನಗೇ ಗೊತ್ತಿರಲಿಲ್ಲ. ಪುಣೆಯಲ್ಲಿ ಓದುತ್ತಿದ್ದ ಮಗಳಿಗೆ ಫೋನ್ ಮಾಡಿದೆ. "ಅತ್ತೆ ನಂಗೆ ಸ್ಟೋರಿ ಎಲ್ಲಿ ಹೇಳ್ತಿದ್ರು ಪಪ್ಪಾ, ಓನ್ಲಿ ಊಟ ಮಾಡು ಅಂತಿದ್ರು" ಎಂದಳು.

ಮರುದಿನ ಬೆಳಿಗ್ಗೆ ನಾನು ಮಾಡಿದ ಕೆಲಸಕ್ಕೆ ಈಗ ನಾಚಿಕೆಯಾಗುತ್ತದೆ. ಗಂಗಕ್ಕನ ಹತ್ತಿರ ಕೂತು ಅವಳನ್ನು ಪರೀಕ್ಷೆ ಮಾಡಿದೆ. "ಅಕ್ಕಾ, ಝಳಕವ್ವ ಬಾವ್ಯಾಗ ಬಿದ್ದಳಲ್ಲ, ರಾಜಕುಮಾರ ಒಂದು ದಿನ ಕುಂತ ನೋಡಿದ. ಆಮ್ಯಾಲ ಬ್ಯಾರೆ ಕತ್ತಿ ತಗೊಂಡು ಮನಿಗೆ ಹೋದ" ಎಂದು ಬೇಕೆಂದೇ ತಪ್ಪಾಗಿ ಹೇಳಿದೆ. ಅವಳು ಸೂರು ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು. ಎಡಗೈಯಿಂದ ಮಂಚದ ಪಟ್ಟಿಯನ್ನು ಮೆಲ್ಲಗೆ ಬಡಿದಳು. ಒಂದು, ಎರಡು, ಮೂರು. ಅಲ್ಲಿಗೆ ನಿಲ್ಲಿಸಿದಳು. ಡಾಕ್ಟರಿಗೆ ಹೇಳಿದಾಗ, ಇಂಥ ರೋಗಿಗಳು ಹಾಗೆ ಕೈ ಬಡಿಯುವುದು ಸಾಮಾನ್ಯ ಎಂದರು. ಇರಬಹುದು. ನಾಲ್ಕೈದು ಮಧ್ಯಾಹ್ನ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ ಅವಳ ದಿಂಬಿನ ಬಳಿ ಇಟ್ಟು ಬಾಗಿಲು ಮುಂದೆ ಮಾಡಿಕೊಂಡು ಬಂದೆವು. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಆಶ್ರಮದ ಅರ್ಜಿ ಕಳಸೂದಿಲ್ಲೇನು?" ಎಂದು ಸುಜಾತಾ ಒಂದು ಸಂಜೆ ಕೇಳಿದಳು. "ಇನ್ನ ನಾಕ್ ದಿನ ನೋಡೂಣು" ಎಂದೆ. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಇದರಿಂದ ನಮ್ಮ ದಣಿವೇನೂ ಕಡಿಮೆಯಾಗಲಿಲ್ಲ, ಅದನ್ನೂ ಹೇಳಬೇಕು. ಅದೇ ಗಂಜಿ, ಅದೇ ಬೆನ್ನುನೋವು, ಅದೇ ಅರ್ಧ ನಿದ್ದೆ.

ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಜಶೀಬೆನ್ ಫೋನ್ ಮಾಡಿದರು. ಗಂಗಾಬೆನ್‌ಗೆ ಕೊಡಿ ಎಂದರು. ಸುಜಾತಾ ಅಕ್ಕನ ಕಿವಿಗೆ ಫೋನ್ ಹಿಡಿದು ಕೂತಳು. ನಾನು ಎದುರಿನ ಕುರ್ಚಿಯಲ್ಲಿದ್ದೆ. ಗಂಗಕ್ಕನ ತುಟಿ ಅಲುಗಲಿಲ್ಲ. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು, ಸದ್ದೂ ಹೊರಡಲಿಲ್ಲ. ಆಗಾಗ ಫೋನಿನೊಳಗಿಂದ ಆಚೆಯ ದನಿ ಸಣ್ಣಗೆ ಕೇಳಿಸಿ ನಿಲ್ಲುತ್ತಿತ್ತು. ಸುಜಾತಾ ಮೂರು ಸಲ ಕೈ ಬದಲಿಸಿದಳು. ಮುಕ್ಕಾಲು ಗಂಟೆಯಾದ ಮೇಲೆ ಗಂಗಕ್ಕ ಮುಖ ಆಚೆ ತಿರುಗಿಸಿದಳು. ನಾನು ಫೋನ್ ತೆಗೆದುಕೊಂಡೆ.

"ಇಷ್ಟು ಹೊತ್ತು ಒಬ್ಬರೇ ಮಾತಾಡಿ ದಣಿದಿರಬೇಕು, ಜಶೀಬೆನ್" ಎಂದೆ.

"ನಾನೆಲ್ಲಿ ಮಾತಾಡಿದೆ?" ಎಂದರು ಅವರು. "ನಾನು ಬರೀ ಹೂಂಗುಟ್ಟುತ್ತಿದ್ದೆ. ಇವತ್ತಿನ ಕತೆ ಬಹಳ ಉದ್ದವಿತ್ತು. ಅವರಿಗೆ ಮೊದಲು ನೀರು ಕೊಡಿ, ಭಾಈ. ಗಂಟಲು ಒಣಗಿರುತ್ತದೆ."

ಸುಜಾತಾ ಚಮಚ ಹುಡುಕುತ್ತಿದ್ದಂತೆ ಗಂಗಕ್ಕ ಎಡಗೈ ಚಾಚಿ ಲೋಟವನ್ನೇ ತೆಗೆದುಕೊಂಡಳು. ಒಂದು ಸಲವೂ ಕೆಮ್ಮದೆ ಪೂರ್ತಿ ಕುಡಿದು, ಕಣ್ಣು ಮುಚ್ಚಿ ಮಲಗಿದಳು.

ಅವಳು ಹೋಗಿ ಈಗ ಎರಡು ವರ್ಷವಾಯಿತು. ಕೊನೆಯವರೆಗೂ ನಮ್ಮೆದುರು ಒಂದು ಮಾತೂ ಆಡಲಿಲ್ಲ. ಜಶೀಬೆನ್ ಸೂರತ್ತಿನಲ್ಲಿ ಇದ್ದಾರೆ, ಹಬ್ಬಕ್ಕೆ ಫೋನ್ ಮಾಡುತ್ತಾರೆ. ಆ ಭಾನುವಾರ ಅಕ್ಕ ಏನು ಹೇಳಿದಳು ಎಂದು ಕೇಳಿದರೆ ಅವರು ಹೇಳಿಯೇ ಹೇಳುತ್ತಾರೆ. ಪ್ರತಿ ಸಲ ಕೇಳಬೇಕೆಂದುಕೊಳ್ಳುತ್ತೇನೆ. ಆರೋಗ್ಯ ವಿಚಾರಿಸಿ ಫೋನ್ ಇಟ್ಟುಬಿಡುತ್ತೇನೆ.