ದೆಯೊಲಿಂದಾಳ ಕೈ

ಪಾತ್ರೆ ತೊಳೆದು ಮುಗಿಸಿದ ಮೇಲೆ, ಕೈ ಒರೆಸಿಕೊಳ್ಳುವುದಕ್ಕೂ ಮೊದಲು, ದೆಯೊಲಿಂದಾ ಒಂದು ಕೆಲಸ ಮಾಡುತ್ತಿದ್ದಳು. ಅಂಗೈಗಳನ್ನು ಒಮ್ಮೆ ತಟ್ಟಿ, ಬೆರಳು ಅಗಲಿಸಿ, ಸೂರಿನ ಕಡೆ ಎತ್ತಿ ತೋರಿಸುತ್ತಿದ್ದಳು. ಆಮೇಲೆ ಮಗುಚಿ ಹಿಂಗೈ ತೋರಿಸುತ್ತಿದ್ದಳು. ಅಡುಗೆಮನೆಯ ಸೂರಿನಲ್ಲಿ ಜಿಡ್ಡು ಹಿಡಿದ ಒಂದು ಬಲ್ಬು ಬಿಟ್ಟರೆ ಇನ್ನೇನೂ ಇರಲಿಲ್ಲ.

"ಮೇಲೆ ಯಾರೂ ಇಲ್ಲ ಕಣೇ," ಎಂದು ಗಂಡ ಸೆರಫಿಂ ರೇಗಿಸುತ್ತಿದ್ದ. "ದೇವರಿಗೆ ತೋರಿಸ್ತಿದೀಯೋ, ಹಲ್ಲಿಗೆ ತೋರಿಸ್ತಿದೀಯೋ?"

"ಸುಮ್ನಿರು ಮಾರಾಯ. ತೋರಿಸದಿದ್ರೆ ಏನೋ ಕದ್ದ ಹಾಗಾಗುತ್ತೆ ನಂಗೆ."

ಕಡಲ ದಡದ ನಮ್ಮೂರಿನಲ್ಲಿ ಹೆಣ್ಣುಮಕ್ಕಳಿಗೆ ಖಾಯಂ ಸಂಬಳ ಸಿಗುವ ಜಾಗ ಎರಡೇ. ಒಂದು ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ, ಇನ್ನೊಂದು ಕ್ಯಾಸಿನೊ. ದೆಯೊಲಿಂದಾಳ ಅವ್ವ ಸಾಯುವ ತನಕ ಕಾರ್ಖಾನೆಯ ವಾಸನೆ ಹೊತ್ತುಕೊಂಡೇ ಇದ್ದವಳು. ಇಗರ್ಜಿಯಲ್ಲಿ ಅವಳ ಪಕ್ಕ ಕೂರುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮಗಳು ಹಟ ಹಿಡಿದು ಕ್ಯಾಸಿನೊ ಸೇರಿದಳು, ರೂಲೆಟ್ ಚಕ್ರ ತಿರುಗಿಸುವ ಕೆಲಸಕ್ಕೆ. ಮೈಗೆ ವಾಸನೆಯಿಲ್ಲ, ಕಪ್ಪು ಕೋಟು, ಕೊರಳಿಗೆ ಬೋ ಟೈ. ಕೋಟಿನ ಜೇಬುಗಳಿಗೆ ಮಾತ್ರ ಹೊಲಿಗೆ ಹಾಕಿ ಮುಚ್ಚಿರುತ್ತಿದ್ದರು. ಸೀನು ಬಂದರೂ ಕರವಸ್ತ್ರ ತೆಗೆಯುವ ಹಾಗಿಲ್ಲ, ಮೇಲ್ವಿಚಾರಕ ತಂದುಕೊಡಬೇಕು. ಮೇಜು ಬಿಟ್ಟು ಹೊರಡುವಾಗ ಅಂಗೈ, ಹಿಂಗೈ ಎರಡನ್ನೂ ಸೂರಿನ ಕ್ಯಾಮೆರಾಕ್ಕೆ ತೋರಿಸಿಯೇ ಹೊರಡಬೇಕು. ಚಕ್ರದವಳ ಮೇಲೆ ಮೇಲ್ವಿಚಾರಕನ ಕಣ್ಣು, ಅವನ ಮೇಲೆ ಕ್ಯಾಮೆರಾದ ಕಣ್ಣು, ಕ್ಯಾಮೆರಾ ನೋಡುವವನ ಮೇಲೆ ಸರಕಾರದ ಕಣ್ಣು. ಥೂ, ಇದೂ ಒಂದು ಬಾಳೇ ಎಂದು ನಮ್ಮಂಥವರಿಗೆ ಅನಿಸಬಹುದು. ದೆಯೊಲಿಂದಾಳಿಗೆ ಅನಿಸಲಿಲ್ಲ. ನೋಡಲಿ ಬಿಡು, ನೋಡಿದಷ್ಟೂ ನನ್ನ ಹೆಸರು ಚೊಕ್ಕ ಎನ್ನುವ ಹೆಂಗಸು ಅವಳು.

ಅವಳ ಕೈ ಹಾಗಿತ್ತು. ಎಡಗೈಯಿಂದ ಚಕ್ರವನ್ನು ಒಂದು ಕಡೆಗೆ ತಳ್ಳಿ, ಬಲಗೈಯಿಂದ ಬಿಳಿ ಗೋಲಿಯನ್ನು ಅಂಚಿನ ಗುಂಟ ಎದುರು ದಿಕ್ಕಿಗೆ ಬಿಟ್ಟರೆ, ಹೊಸಬರ ಕೈಯಲ್ಲಿ ಅದು ಕಟಕಟ ಎಂದು ಕುಪ್ಪಳಿಸುತ್ತದೆ. ದೆಯೊಲಿಂದಾಳ ಗೋಲಿ ರೇಷ್ಮೆ ಸವರಿದ ಹಾಗೆ ಒಂದೇ ಸದ್ದಿನಲ್ಲಿ ಓಡುತ್ತಿತ್ತು. ನಿನ್ನೆಯ ಎಸೆತಕ್ಕೂ ಇವತ್ತಿನ ಎಸೆತಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಕೆಲಸ ಕಲಿಯಲು ಬಂದ ಹುಡುಗಿಯರನ್ನು ಮೇಲ್ವಿಚಾರಕ ಎರ್ಮೀನಿಯು ಅವಳ ಮೇಜಿನ ಹತ್ತಿರ ಕರೆತಂದು, "ನೋಡ್ಕೊಳ್ಳಿ, ಕೈ ಅಂದ್ರೆ ಇದು," ಎನ್ನುತ್ತಿದ್ದ. ಅವಳ ಮಗಳ ನಾಮಕರಣದಲ್ಲಿ ಧರ್ಮಪಿತನಾಗಿ ನಿಂತವನು ಅವನೇ. ಆದ್ದರಿಂದ ಅವಳಿಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ. ಒಡಹುಟ್ಟಿದವರಿಗಿಂತ ಹೆಚ್ಚಿನ ನಂಟು ಅದು.

ಆ ಕೈಯೇ ಅವಳಿಗೆ ಮುಳುವಾಯಿತು.

ಆ ಚಳಿಗಾಲ ಬೆಸ್ತರ ಇಗರ್ಜಿಗೆ ಕರೆಂಟಿನ ಗಂಟೆ ಬಂತು. ಹರೆಯದಿಂದ ಅಲ್ಲಿ ಗಂಟೆಯ ಹಗ್ಗ ಎಳೆಯುತ್ತಿದ್ದ ಮುದುಕ ಬೆಲ್ಮೀರುವಿಗೆ ಕೆಲಸ ಇಲ್ಲವಾಯಿತು. ಮಧ್ಯಾಹ್ನ ಕ್ಯಾಸಿನೊ ತೆರೆಯುತ್ತಲೇ ಟೊಪ್ಪಿ ಕೈಯಲ್ಲಿ ಹಿಡಿದು ಬರತೊಡಗಿದ. ಬೇರೆ ಮೇಜುಗಳನ್ನು ಕಣ್ಣೆತ್ತಿ ಕೂಡ ನೋಡದೆ ನೇರ ದೆಯೊಲಿಂದಾಳ ಎದುರು ಬಂದು ಕೂರುತ್ತಿದ್ದ. ಗೋಲಿ ಓಡುವಾಗ ಕಣ್ಣು ಮುಚ್ಚಿ, ಅದರ ಸದ್ದಿಗೆ ಕಿವಿಗೊಟ್ಟು ತಲೆ ವಾಲಿಸುತ್ತಿದ್ದ. ಇನ್ನೇನು ಅವಳು "ಆಟ ಮುಗೀತು, ಇನ್ನು ಪಣ ಬೇಡ" ಎಂದು ಕೂಗಬೇಕು, ಅಷ್ಟರಲ್ಲಿ ಕಣ್ಣು ತೆರೆದು, ಚಕ್ರದಲ್ಲಿ ಒಂದರ ಪಕ್ಕ ಒಂದಿರುವ ನಾಲ್ಕೈದು ನಂಬರಿನ ಮನೆಗಳ ಮೇಲೆ ಪಣದ ಬಿಲ್ಲೆ ಇಡುತ್ತಿದ್ದ. ಅತಿ ಅಗ್ಗದ ಬಿಲ್ಲೆ. ಆದರೆ ಗೋಲಿ ಹೋಗಿ ಅಲ್ಲೇ ಬೀಳುತ್ತಿತ್ತು. ಪ್ರತಿ ಸಲ ಅಲ್ಲ. ಆದರೂ ಬೀಳಬಾರದಷ್ಟು ಸಲ.

ಮೊದಲ ವಾರ ಅವಳಿಗೆ ತಮಾಷೆ ಎನಿಸಿತು. ಎರಡನೆಯ ವಾರ ಮುದುಕ ಬಾಗಿಲಲ್ಲಿ ಕಂಡರೆ ಸಾಕು, ಅವಳ ಕಣ್ಣು ಸೂರಿನ ಕ್ಯಾಮೆರಾದ ಕಡೆ ಹೋಗುತ್ತಿತ್ತು.

ಕ್ಯಾಂಟೀನಿನಲ್ಲಿ ಗುಸುಗುಸು ಶುರುವಾಯಿತು. ಪಕ್ಕದ ಮೇಜಿನ ಗ್ರಾಸಿಯೆತ್, ದಿನಾ ಜೊತೆಗೆ ಕೂತು ಸೂಪು ಕುಡಿಯುವವಳು, ಬಟ್ಟಲೆತ್ತಿಕೊಂಡು ಕಿಟಕಿಯ ಕಡೆ ಹೋದಳು.

"ಯಾಕೇ, ನಾನೇನು ಕಚ್ಚುತೀನಾ?" ಎಂದಳು ದೆಯೊಲಿಂದಾ.

"ಕಚ್ಚೋದು ಕ್ಯಾಮೆರಾ, ನೀನಲ್ಲ. ನಿನ್ನ ಜೊತೆ ಕೂತೋರ ಮೇಲೂ ಕಣ್ಣಿಡ್ತಾರಂತೆ. ಅದಿರ್ಲಿ, ಆ ಗಂಟೆ ಮುದುಕ ನಿಂಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ಅವರ ಗಂಟೆ ಕೇಳಿ ಬೆಳೆದೋಳು, ನಿನ್ನ ಹಾಗೇ."

"ಊರೆಲ್ಲ ಕೇಳಿದೆ ತಾಯಿ. ಹಾಗಂತ ಊರೋರ ಮೇಜಿಗೆಲ್ಲ ಬಂದು ಗೆಲ್ತಿಲ್ಲವಲ್ಲ ಅವರು."

ಸುತ್ತ ಕೂತವರು ಕಿಸಕ್ಕನೆ ನಕ್ಕರು. ದೆಯೊಲಿಂದಾ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

ಸರಕಾರದವರು ಕೊಟ್ಟ ಪರವಾನಗಿ ಚೀಟಿ ಒಂದು ಸಲ ಹೋಯಿತೆಂದರೆ ಈ ದೇಶದ ಯಾವ ಕ್ಯಾಸಿನೊದ ಬಾಗಿಲೂ ತೆರೆಯುವುದಿಲ್ಲ. ಅದೂ ಹೋಗಲಿ. ಸೆರಫಿಂನದು ಬೇಕರಿ. ಕಳ್ಳಿಯ ಮನೆಯ ರೊಟ್ಟಿಯನ್ನು ಈ ಊರಿನಲ್ಲಿ ಯಾರು ಕೊಳ್ಳುತ್ತಾರೆ? ಅವಳು ಹೆದರಿದ್ದು ಅದಕ್ಕೆ. ಅದಕ್ಕಿಂತ ಹೆಚ್ಚಿಗೆ ಹೆದರಿದ್ದು ಇನ್ನೊಂದಕ್ಕೆ, ಅದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಒಂದು ಸಂಜೆ ಎರ್ಮೀನಿಯು ಮನೆಗೆ ಬಂದ. ಬಂದವನು ಹೊಸ್ತಿಲಲ್ಲೇ ನಿಂತ.

"ಒಳಗೆ ಬನ್ನಿ ಕೊಂಪಾದ್ರೆ, ಕೂತ್ಕೊಳ್ಳಿ."

"ಕೂರಲ್ಲ ಕೊಮಾದ್ರೆ. ಕೂತ್ರೆ ನಾಳೆ ಅದಕ್ಕೂ ಕತೆ ಕಟ್ತಾರೆ." ಅವನು ಅವಳ ಮುಖ ನೋಡಲಿಲ್ಲ. "ಲಿಸ್ಬನ್ನಿಂದ ಇನ್ಸ್‌ಪೆಕ್ಟರ್ ಬಂದಿದಾರೆ. ನಾಳೆ ಬೆಳಿಗ್ಗೆ, ಬಾಗಿಲು ತೆಗೆಯೋ ಮುಂಚೆ, ನಿನ್ನ ಕೈಲಿ ಚಕ್ರ ಆಡಿಸಿ ನೋಡ್ತಾರೆ. ಅವರು ಒಂದು ನಂಬರ್ ಹೇಳ್ತಾರೆ, ನೀನು ಅದರ ಕಡೆ ಹಾಕ್ಬೇಕು. ಹಾಕೋಕೆ ಬಂತು ಅಂದ್ರೆ ಮುದುಕನ ಜೊತೆ ಶಾಮೀಲು ಅಂತ್ಲೇ ಲೆಕ್ಕ."

"ಹಾಕೋಕೆ ಬರಲ್ಲ! ಯಾರಿಗೂ ಬರಲ್ಲ, ಅದು ನಿಮಗೂ ಗೊತ್ತು!"

"ನಂಗೊತ್ತು. ಅವರಿಗೆ ತೋರಿಸು. ಎಂದಿನ ಹಾಗೇ ಎಸಿ, ಏನೂ ಬದಲಾಯಿಸ್ಬೇಡ."

ಅವನು ಹೋದ ಮೇಲೆ ಸೆರಫಿಂ ಅವಳಿಗೆ ಕುರ್ಚಿ ಎಳೆದುಕೊಟ್ಟ. "ತಪ್ಪು ಮಾಡದೋಳು ಯಾಕೆ ಹೀಗೆ ನಡುಗ್ತೀಯಾ?"

"ನಾನು ಮಾಡಿಲ್ಲ. ಕೈ ಮಾಡ್ತಿದ್ರೆ?"

"ಕೈ ನಿಂದೇ ಅಲ್ವೇನೇ?"

"ಅದೇ ಈಗ ನಂಗೆ ಗೊತ್ತಾಗ್ತಿಲ್ಲ," ಎಂದು ಅವಳು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಹಗಲ ಬೆಳಕಿನಲ್ಲಿ ಕ್ಯಾಸಿನೊದ ಆಟದ ಕೋಣೆಯನ್ನು ಅವಳು ನೋಡಿದ್ದು ಕಡಿಮೆ. ಮರುದಿನ ಬೆಳಿಗ್ಗೆ ಪರದೆ ಸರಿಸಿದ್ದರು. ಕಾರ್ಪೆಟ್ಟಿನ ಮೇಲೆ ಸಿಗರೇಟು ಸುಟ್ಟ ತೂತುಗಳು ಕಾಣುತ್ತಿದ್ದವು. ಇನ್ಸ್‌ಪೆಕ್ಟರ್ ಎಳೆಯ ವಯಸ್ಸಿನವನು. ನೆಗಡಿ, ಬಾಯಲ್ಲಿ ಪೆಪ್ಪರ್‌ಮಿಂಟು. ಪಕ್ಕದಲ್ಲಿ ಎರ್ಮೀನಿಯು ಕೈಕಟ್ಟಿ ನಿಂತಿದ್ದ.

"ಹದಿನೇಳರ ಕಡೆ ಹಾಕಿ ಅಮ್ಮ," ಎಂದ ಇನ್ಸ್‌ಪೆಕ್ಟರ್.

ಎಂದಿನ ಹಾಗೆ ಎಸೆದಳು. ಗೋಲಿ ಓಡಿತು, ಸೋತಿತು, ಎರಡು ಸಲ ಪುಟಿದು ಹದಿನೇಳರ ಪಕ್ಕದ ಮನೆಯಲ್ಲಿ ಕೂತಿತು.

ಇನ್ಸ್‌ಪೆಕ್ಟರನ ದವಡೆ ಆಡುವುದು ನಿಂತಿತು. "ಇನ್ನೊಂದ್ಸಲ. ಅಲ್ಲಿಗೇ."

ಅವಳು ಮತ್ತೆ ಗೋಲಿ ಕೈಗೆ ತೆಗೆದುಕೊಂಡಳು. ಎಸೆದಳು. ಆ ಗಳಿಗೆಯಲ್ಲಿ ಅವಳಿಗೆ ತಿಳಿಯಿತು: ಬೆರಳಿನಿಂದ ಬಿಡುವ ಮೊದಲು ಕೈ ಒಂದಿಷ್ಟು ಕಾದಿತ್ತು. ಅವಳು ಕಾಯಲಿಲ್ಲ, ಕೈ ಕಾಯಿತು. ಚಕ್ರದ ಆ ಮಗ್ಗುಲು ತನ್ನ ಮುಂದೆ ಬರಲಿ ಎಂದು ಕಾಯಿತು, ಬಂದ ಮೇಲೆ ಬಿಟ್ಟಿತು. ಗೋಲಿ ಹದಿನೇಳರಿಂದ ಎರಡು ಮನೆ ಆಚೆ ಬಿತ್ತು. ಅಯ್ಯೋ ದೇವರೇ, ಎಷ್ಟು ವರ್ಷದಿಂದ ಹೀಗೆ? ಯಾರಿಗಾಗಿ ಕಾಯುತ್ತಿತ್ತು ಇದು? ಎರ್ಮೀನಿಯು ಕಾರ್ಪೆಟ್ಟಿನ ತೂತನ್ನೇ ನೋಡುತ್ತಿದ್ದ.

"ಈಗ ಐದರ ಕಡೆ," ಎಂದ ಇನ್ಸ್‌ಪೆಕ್ಟರ್.

ಬೇಕರಿ ನೆನಪಾಯಿತು. ಅವ್ವನ ಮೈಯ ವಾಸನೆ ನೆನಪಾಯಿತು. ಕೈ ಬಿಡಬೇಕು ಎಂದಾಗ ಅವಳು ಬಿಡಲಿಲ್ಲ. ಐದು ದಾಟಿ ಹೋಗಲಿ ಎಂದು ಬೆರಳು ಬಿಗಿಹಿಡಿದು, ಆಮೇಲೆ ಗೋಲಿಯನ್ನು ಒರಟಾಗಿ ನೂಕಿದಳು. ಅದು ಕಟಕಟ ಕುಪ್ಪಳಿಸಿಕೊಂಡು ಚಕ್ರದ ಆಚೆ ತುದಿಯಲ್ಲಿ ಬಿತ್ತು. ಮತ್ತೊಂದು ನಂಬರ್, ಮತ್ತೆ ತಪ್ಪಿತು. ಮತ್ತೊಂದು, ಮತ್ತೆ ತಪ್ಪಿತು. ಇನ್ಸ್‌ಪೆಕ್ಟರ್ ಮೂಗು ಒರೆಸಿಕೊಂಡು, "ಮೊದಲಿನ ಎರಡು ಅದೃಷ್ಟ, ಅಷ್ಟೇ. ಇವರಿಗೆ ಏನೂ ಬರಲ್ಲ ಬಿಡಿ," ಎಂದು ನಕ್ಕ.

ಎರ್ಮೀನಿಯು ಓಡಿಬಂದು ಅವಳ ಭುಜ ಹಿಡಿದ. "ನಾ ಹೇಳ್ಲಿಲ್ವಾ! ಹೇಳ್ಲಿಲ್ವಾ!"

ದೆಯೊಲಿಂದಾ ಅಂಗೈ ತಟ್ಟಿ ಕ್ಯಾಮೆರಾಕ್ಕೆ ತೋರಿಸಿದಳು. ಪ್ರತಿ ಸಲವೂ ತಪ್ಪಿಸಬೇಕಾದರೆ ಪ್ರತಿ ಸಲವೂ ಎಲ್ಲಿ ಬೀಳುತ್ತದೆಂದು ಗೊತ್ತಿರಬೇಕು. ಅದು ಆ ಇಬ್ಬರು ಗಂಡಸರಿಗೆ ಹೊಳೆಯಲಿಲ್ಲ, ಅವಳಿಗೆ ಹೊಳೆಯಿತು. ಅಷ್ಟು ವರ್ಷ ಆ ಮೇಜಿನ ಮುಂದೆ ನಿಂತವಳು ಒಂದು ದಿನವೂ ಮೋಸ ಮಾಡಿರಲಿಲ್ಲ. ಮಾಡಿಲ್ಲ ಎಂದು ತೋರಿಸಿಕೊಡಲು ಆ ಬೆಳಿಗ್ಗೆ ಮೊದಲ ಸಲ ಮಾಡಿದಳು.

ಮಧ್ಯಾಹ್ನ ಎಲ್ಲರೂ ಮತ್ತೆ ನೆಂಟರಾದರು. ಗ್ರಾಸಿಯೆತ್ ಮೊಟ್ಟೆಯ ಸಿಹಿ ತಂದು ಬಾಯಿಗೇ ಇಟ್ಟಳು. "ಮನಸ್ಸಲ್ಲಿ ಇಟ್ಕೋಬೇಡ ಕಣೇ," ಎಂದಳು. ದೆಯೊಲಿಂದಾ ಚಕ್ರದ ಮುಂದೆ ನಿಂತಳು. ಬೆಳಿಗ್ಗೆ ಎಸೆದ ಹಾಗೇ ಈಗಲೂ ಎಸೆಯಬೇಕು, ಮೇಲೆ ಕ್ಯಾಮೆರಾ ನೋಡುತ್ತಿದೆ. ಹೊಸಬಳ ಹಾಗೆ ಒರಟಾಗಿ ನೂಕಿದಳು. ಗೋಲಿ ಕಟಕಟ ಎಂದಿತು.

ಬೆಲ್ಮೀರು ಬಂದ. ಟೊಪ್ಪಿಯನ್ನು ಮಡಿಲಲ್ಲಿಟ್ಟು ಕಣ್ಣು ಮುಚ್ಚಿದ. ಬಿಲ್ಲೆ ಇಡಲಿಲ್ಲ. ಮುಂದಿನ ಎಸೆತಕ್ಕೂ ಇಡಲಿಲ್ಲ. ಕಣ್ಣು ತೆರೆದು ಅವಳನ್ನು ನೋಡಿದ.

"ಮೈಯಲ್ಲಿ ಹುಷಾರಿಲ್ವಾ ದೋನಾ ದೆಯೊಲಿಂದಾ?"

ಆಟಗಾರರ ಜೊತೆ ಮಾತಾಡಬಾರದು. ಹಾಗೇನಿಲ್ಲ ಎಂಬಂತೆ ಅವಳು ತಲೆಯಾಡಿಸಿದಳು.

"ಗಂಟೆ ಹೊಡೆದು ಹಣ್ಣಾದೋನು ನಾನು. ಹಗ್ಗ ಹಿಡಿದೋರಿಗೆ ತಾಳ ತಪ್ಪೋದು ಬೇರೆ, ಬೇಕಂತ ತಪ್ಪಿಸೋದು ಬೇರೆ. ನೀವು ಬೇಕಂತ ತಪ್ಪಿಸ್ತಿದೀರಿ." ಪಾಪ, ಮುದುಕನ ದನಿಯಲ್ಲಿ ಕಳವಳವಿತ್ತೇ ಹೊರತು ಕುಹಕವಿರಲಿಲ್ಲ. "ಯಾರಾದ್ರೂ ಹೆದರಿಸಿದ್ರಾ ನಿಮ್ಮನ್ನ?"

ಅವಳ ಬೆನ್ನ ಹಿಂದೆ ನಿಂತಿದ್ದ ಎರ್ಮೀನಿಯು ಇದನ್ನೆಲ್ಲ ಕೇಳಿಸಿಕೊಂಡ. ಬೆಳಿಗ್ಗೆ ಕಂಡದ್ದರ ಅರ್ಥ ಅವನಿಗೆ ಈಗ ಆಗುತ್ತಿದೆ ಎಂದು ಅವಳಿಗೆ ತಿರುಗಿ ನೋಡದೆಯೇ ಗೊತ್ತಾಯಿತು. ಅವನು ಬಾಗಿ ಅವಳಿಗಷ್ಟೇ ಕೇಳುವ ಹಾಗೆ ಹೇಳಿದ.

"ಈಗ ಎಸೀತಿರೋ ಹಾಗೇ ಎಸಿ, ಕೊಮಾದ್ರೆ. ರಿಟೈರಾಗೋ ತನಕ. ಆ ಹಳೇ ಕೈ ಈ ಮೇಜಿಗೆ ಮತ್ತೆ ಬಂದ್ರೆ ಸರಕಾರಕ್ಕೆ ವರದಿ ಬರೆದು ಕೊಡ್ಬೇಕಾದೋನು ನಾನೇ."

ಅವಳು ಗೋಲಿ ಎತ್ತಿಕೊಂಡಳು. ಒರಟಾಗಿ, ಒರಟಾಗಿ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಅಷ್ಟರಲ್ಲಿ ಮೇಜಿನ ಕೊನೆಯಲ್ಲಿ ಕೂತಿದ್ದ ಹೆಂಗಸಿನ ಲೋಟ ಉರುಳಿತು. ದೆಯೊಲಿಂದಾ ಅತ್ತ ನೋಡಿದಳು. ಒಂದೇ ನೋಟ. ಗೋಲಿ ಕೈಯಿಂದ ಹೊರಟಿತ್ತು.

ರೇಷ್ಮೆ ಸವರಿದ ಸದ್ದು. ಅದೇ ಹಳೆಯ ಸದ್ದು.

ಎದ್ದು ಹೊರಟಿದ್ದ ಬೆಲ್ಮೀರುವಿನ ಮುಖ ಅರಳಿತು. ಮತ್ತೆ ಕೂತು, ಕಣ್ಣು ಮುಚ್ಚಿ, ತಲೆ ವಾಲಿಸಿದ. ಆಮೇಲೆ ತನ್ನ ಅಗ್ಗದ ಬಿಲ್ಲೆಗಳನ್ನು ಒಂದೊಂದಾಗಿ ಇಟ್ಟ. ಅವನು ಇಟ್ಟದ್ದು ಸರಿಯಾದ ಜಾಗಕ್ಕೇ. ಅವಳಿಗೆ ಗೊತ್ತಿತ್ತು. ಎರ್ಮೀನಿಯುವಿನ ಉಸಿರು ಅವಳ ಕತ್ತಿಗೆ ತಾಕುತ್ತಿತ್ತು. "ಆಟ ಮುಗೀತು" ಎಂದು ಕೂಗಬೇಕಿತ್ತು, ಕೂಗಲಿಲ್ಲ. ಗೋಲಿ ಸೋಲುತ್ತ ಅಂಚಿನಿಂದ ಜಾರತೊಡಗಿತು.

ದೆಯೊಲಿಂದಾ ಚಕ್ರದೊಳಗೆ ಕೈಹಾಕಿ ಅದನ್ನು ಹಿಡಿದುಬಿಟ್ಟಳು.

ಓಡುವ ಗೋಲಿಯನ್ನು ಮುಟ್ಟಿದವರನ್ನು ನಮ್ಮೂರಿನ ಕ್ಯಾಸಿನೊ ಅದುವರೆಗೆ ಕಂಡಿರಲಿಲ್ಲ. ಮೇಜಿನ ಸುತ್ತ ಹೋ ಎಂದು ಗದ್ದಲ ಎದ್ದಿತು. "ಏನ್ರೀ ಇದು, ಹಗಲುದರೋಡೆ!" ಎಂದು ಒಬ್ಬ ಕುರ್ಚಿ ಒದ್ದು ಎದ್ದ. ಬೆಲ್ಮೀರು ಬಿಲ್ಲೆಗಳ ಮೇಲೆ ಅಂಗೈ ಇಟ್ಟುಕೊಂಡು ಬಾಯಿ ತೆರೆದು ಕೂತಿದ್ದ. ಅವಳು ಮೇಜು ಬಿಟ್ಟು ಹಿಂದೆ ಸರಿದಳು. ಕೈ ತಟ್ಟಲಿಲ್ಲ, ತೋರಿಸಲಿಲ್ಲ. ಬಲಗೈ ಮುಷ್ಟಿಯಾಗಿ ಎದೆಗೆ ಅಂಟಿಕೊಂಡಿತ್ತು.

ಎರ್ಮೀನಿಯು ಅವಳಿಗೂ ಕ್ಯಾಮೆರಾಕ್ಕೂ ನಡುವೆ ಬೆನ್ನು ಕೊಟ್ಟು ನಿಂತ.

"ಕೈ ತೋರಿಸು ಕೊಮಾದ್ರೆ. ನಿನ್ನ ದಮ್ಮಯ್ಯ. ಮುಷ್ಟಿ ಬಿಡಿಸಿ ತೋರಿಸು, ಎಲ್ಲ ನೋಡ್ತಿದಾರೆ."

ಅವಳು ಬಿಡಿಸಲು ನೋಡಿದಳು. ಬೆರಳು ಏಳಲಿಲ್ಲ. ಅವನೇ ಅವಳ ಮಣಿಕಟ್ಟು ಹಿಡಿದು, ಹಸುಗೂಸಿನ ಮುಷ್ಟಿ ಬಿಡಿಸುವ ಹಾಗೆ ಒಂದೊಂದೇ ಬೆರಳನ್ನು ಎತ್ತತೊಡಗಿದ.

"ಬೇಡ ಕೊಂಪಾದ್ರೆ," ಎಂದಳು ದೆಯೊಲಿಂದಾ. "ಬಿಟ್ರೆ ಅದು ಮತ್ತೆ ಎಸೆದುಬಿಡುತ್ತೆ."